ನಾಲ್ಕು ಸೆಕೆಂಡು ಹಿಂದೆ

2023ರ ಮಾರ್ಚ್ 14, ಮಂಗಳವಾರ, ಬೆಳಿಗ್ಗೆ 6 ಗಂಟೆ 52 ನಿಮಿಷ. ಹುವಾಲಿಯೆನ್‌ನಿಂದ ಸು-ಆವೊಗೆ ಹೊರಟ ರೈಲಿನ ಮೂರನೇ ಬೋಗಿಯಲ್ಲಿ ಪೇ-ಶಾನ್ ಫೋನಿನ ಪರದೆಯನ್ನು ಕಳ್ಳನ ಮುಖ ನೋಡುವಂತೆ ನೋಡುತ್ತಿದ್ದಳು.

ತೈಪೆಯ ವಿಶ್ವವಿದ್ಯಾಲಯವೊಂದು ಪುಕ್ಕಟೆಯಾಗಿ ತೆರೆದಿಟ್ಟ ಆನ್‌ಲೈನ್ ಹವಾಮಾನ ಕೋರ್ಸ್ ಅದು. ಸೇರಿದವರು ಮೂವತ್ತೊಂದು ಸಾವಿರ; ಹತ್ತನೇ ವಾರಕ್ಕೆ ಉಳಿದವರು ನಾನೂರ ಹನ್ನೆರಡು. ಅಷ್ಟು ವರದಿ ತಿದ್ದಲೂ ಮೇಷ್ಟ್ರಿಲ್ಲ. ಹೆಸರು ಕಾಣದಂತೆ ಒಬ್ಬರ ವರದಿಯನ್ನು ಇನ್ನೊಬ್ಬರು ತಿದ್ದಬೇಕು. ಪೇ-ಶಾನ್‌ಗೆ ಬಂದ ವರದಿಯಲ್ಲಿ ಅವಳು ಕಳೆದ ಗುರುವಾರ ಫೋನಿನ ಒತ್ತಡಮಾಪಕದಲ್ಲಿ ಮಾಡಿದ ಪ್ರಯೋಗವೇ ಇತ್ತು: ಅದೇ ದಿನ, ಅವಳು ದಿನವೂ ಹತ್ತುವ ಇದೇ ರೈಲು, ಸುರಂಗ ಹೊಕ್ಕಾಗಲೆಲ್ಲ ಗಾಳಿಯ ಒತ್ತಡದ ಗೆರೆ ಕುಸಿಯುವ ಅದೇ ಹದಿಮೂರು ತಗ್ಗು. ಅವಳು ಚರ್ಚಾಪುಟದಲ್ಲಿ ಹಾಕಿದ್ದ ನಕ್ಷೆಯನ್ನು ಯಾರೋ ಎತ್ತಿದ್ದಾರೆ.

ನಕಲು ಆಮೇಲೆ ಪತ್ತೆಯಾದರೆ ಇಬ್ಬರಿಗೂ ಸರ್ಟಿಫಿಕೇಟಿಲ್ಲ. ಅದಿಲ್ಲದೆ ಬಂದರು ಕಚೇರಿಯ ಹವಾಮಾನ ವಿಭಾಗದ ಕೆಲಸ ಅವಳಿಗೆ ಸಿಗದು. ಇವತ್ತು ಬೆಳಿಗ್ಗೆ ಎಂಟರೊಳಗೆ ‘ನಕಲು’ ಎಂಬ ಚೌಕ ಒತ್ತಿದರೆ ಅವಳು ಪಾರು.

ಒತ್ತಲು ಹೋದವಳು ತಡೆದಳು. ಆ ವರದಿಯ ತಗ್ಗುಗಳು ಪ್ರತಿ ಬಾರಿಯೂ ನಾಲ್ಕು ಸೆಕೆಂಡು ತಡ. ಜಾಣ ಕಳ್ಳ, ಸಮಯ ಸರಿಸಿದ್ದಾನೆ. ಆದರೆ ರೈಲು ನಿಧಾನವಾಗುವ ಕೊನೆಯ ಸುರಂಗದಲ್ಲಿ ಮಾತ್ರ ಏಳು ಸೆಕೆಂಡು. ಯಾವ ಕಳ್ಳನಿಗೆ ಇಷ್ಟು ವ್ಯವಧಾನ? ಸೆಕೆಂಡಿಗೆ ಇಪ್ಪತ್ತೈದು ಮೀಟರ್ ವೇಗ, ಇಪ್ಪತ್ತು ಮೀಟರಿನ ಬೋಗಿ. ನಾಲ್ಕು ಸೆಕೆಂಡಿಗೆ ನೂರು ಮೀಟರ್; ಅಂದರೆ ಇದನ್ನು ಅಳೆದವರು ಕೂತಿದ್ದು ಐದು ಬೋಗಿ ಹಿಂದೆ.

ಅವಳು ಎದ್ದು ಹಿಂದಕ್ಕೆ ನಡೆದಳು.

ಎಂಟನೇ ಬೋಗಿಯಲ್ಲಿ ಒಬ್ಬ ಕಿಟಕಿಯಂಚಿನಲ್ಲಿ ಫೋನು ಮಲಗಿಸಿ ಅನ್ನದುಂಡೆ ತಿನ್ನುತ್ತಿದ್ದ. ಉಗುರಂಚಿನಲ್ಲಿ ಎಂಜಿನ್ ಎಣ್ಣೆ. ಪರದೆಯಲ್ಲಿ ಒತ್ತಡದ ಗೆರೆ.

“ಗುರುವಾರಾನೂ ಇಲ್ಲೇ ಕೂತಿದ್ರಾ?”

ಅವನು ಅವಳನ್ನು, ಅವಳ ಫೋನನ್ನು, ಮತ್ತೆ ಅವಳನ್ನು ನೋಡಿದ. “ಓಹೋ. ನನ್ನ ನಕ್ಷೆ ಕದ್ದ ಮಹಾತಾಯಿ ನೀವೇನಾ?”

ಅವಳ ವರದಿ ಹೋಗಿದ್ದು ಅವನಿಗೇ. ಹೆಸರು ಬೋ-ರುಯಿ, ದೋಣಿ ಎಂಜಿನ್ ರಿಪೇರಿ ಅವನ ಕಸುಬು. ಅವನೂ ಅದೇ ಚೌಕದ ಮೇಲೆ ಬೆರಳು ಆಡಿಸುತ್ತಿದ್ದನಂತೆ. ಯಾಕೆ ಒತ್ತಲಿಲ್ಲ ಎಂದು ಕೇಳಿದಳು.

“ನನಗಿಂತ ನಾಲ್ಕು ಸೆಕೆಂಡು ಮೊದಲೇ ನಕಲು ಮಾಡೋರನ್ನ ನಾನು ನೋಡಿಲ್ಲ.”

ಆ ಕಣ್ಣಿನ ನಗು ಅವಳಿಗೆ ಹಿಡಿಸಿತು. ಅದಕ್ಕೇ ಸಂಶಯ ಹೆಚ್ಚಾಯಿತು. ಅವನ ಫೋನಿನ ಗಡಿಯಾರವೇ ತಪ್ಪಿದ್ದರೆ?

“ಎರಡೂ ಫೋನು ಪಕ್ಕ ಇಡಿ. ಮುಂದಿನ ಸುರಂಗದಲ್ಲಿ ಗೊತ್ತಾಗುತ್ತೆ.”

“ಫೋನು ಮಾತ್ರ ಸಾಲಲ್ಲ ರೀ, ನೀವೂ ಕೂರಬೇಕು.”

ಅವಳು ಕೂತಳು, ಚೀಲವನ್ನು ನಡುವೆ ಇಟ್ಟುಕೊಂಡು.

“ಸರಿ ಬಂದ್ರೆ?” ಅವನು ಕೇಳಿದ.

“ನಕಲಲ್ಲ, ಎರಡು ಬೋಗಿ, ಎರಡು ಅಳತೆ ಅಂತ ತಿದ್ದುವಾಗ ಇಬ್ರೂ ಬರೆಯೋಣ.”

“ಅಷ್ಟೇನಾ?”

ಅವಳು ಚೀಲವನ್ನು ತೊಡೆಯ ಮೇಲೆ ತೆಗೆದುಕೊಂಡಳು. “ನಾಳೆಯಿಂದ ಮೂರನೇ ಬೋಗಿ ಹತ್ತಲ್ಲ.”

ಕತ್ತಲು ಕವಿಯಿತು. ಕಿವಿ ಗುಂಯ್ ಎಂದಿತು. ಬೆಳಕು ಬಂದಾಗ ಇಬ್ಬರೂ ಒಟ್ಟಿಗೆ ಬಾಗಿದರು. ಹಣೆಗೆ ಹಣೆ ತಾಗಿತು, ಯಾರೂ ಸರಿಯಲಿಲ್ಲ. ಗೆರೆಗಳೆರಡೂ ಜೊತೆಯಾಗಿ ಕುಸಿದಿದ್ದವು.

ಅಂತರ: ಸೊನ್ನೆ ಸೆಕೆಂಡು.