ಲಗ್ನಪತ್ರಿಕೆಯ ಮಗ್ಗ

“ಅಲ್ಲಾಡ್ಬೇಡ ತಾತ! ದಾರ ಸಡಿಲ ಆದ್ರೆ ಎಲ್ಲಾ ಹೋಯ್ತು!”

ತಾತ ತಿಮ್ಮರಾಯಪ್ಪ ಅಲ್ಲಾಡಲಿಲ್ಲ. ರೇಷ್ಮೆ ಪಂಚೆ ಉಟ್ಟು, ಹಣೆಗೆ ಗಂಧ ಇಟ್ಟುಕೊಂಡು, ಅವರು ಹಾಲ್‌ನ ನಡುವೆ ಅಂಬೆಗಾಲಿಕ್ಕಿ ನಿಂತಿದ್ದರು. ಅವರ ಬೆನ್ನಿನ ಮೇಲೆ ನಲವತ್ತೆಂಟು ದಾರಗಳು ಕಿಟಕಿಯ ಸರಳಿನಿಂದ ಅರ್ಪಿತಳ ಸೊಂಟದವರೆಗೆ ಬಿಗಿಯಾಗಿ ಹೋಗಿದ್ದವು.

“ಆ ಕಡೆ ಏನು ಬರೆದಿದೆ ಅಂತ ಓದ್ಬೇಕಲ್ಲೇ?”

“ಓದು. ಆದ್ರೆ ಹೊಟ್ಟೆ ಒಳಗೆಳ್ಕೊಂಡು ಹೋಗು.”

ತಾತ ಹೊಟ್ಟೆ ಒಳಗೆಳೆದುಕೊಂಡು ದಾರದ ಕೆಳಗೆ ತೂರಿ ಆ ಕಡೆ ಹೋದರು.

ಅರ್ಪಿತ ಐದನೇ ಕ್ಲಾಸು. ನಾಳೆ ಸೋಮವಾರ ಸ್ಕೂಲಿನಲ್ಲಿ ಕ್ರಾಫ್ಟ್ ಎಕ್ಸಿಬಿಷನ್. ಅವಳು ಕಾರ್ಡ್ ನೇಯ್ಗೆಯಲ್ಲಿ ಒಂದು ಬೆಲ್ಟ್ ಮಾಡಿ ತರುತ್ತೇನೆಂದು ಹೆಸರು ಕೊಟ್ಟಿದ್ದಳು. “ದೊಡ್ಡ ಮಗ್ಗ ಬೇಡ. ಒಂದು ಕಿಟಕಿ, ಒಂದು ಸೊಂಟ ಇದ್ರೆ ಸಾಕು” ಎಂದಿದ್ದರು ಕ್ರಾಫ್ಟ್ ಮಿಸ್.

ಹನ್ನೆರಡು ಚೌಕ ಕಾರ್ಡು ಬೇಕು. ಒಂದೊಂದರ ನಾಲ್ಕು ಮೂಲೆಗೂ ತೂತು, ಒಂದೊಂದು ತೂತಿಗೂ ಒಂದು ದಾರ. ದಾರದ ಒಂದು ತುದಿ ಕಿಟಕಿಗೆ, ಇನ್ನೊಂದು ಸೊಂಟಕ್ಕೆ. ಕಾರ್ಡುಗಳನ್ನೆಲ್ಲ ಒಟ್ಟಿಗೆ ಕಾಲು ಸುತ್ತು ತಿರುಗಿಸಿದರೆ ಕೆಲವು ದಾರ ಮೇಲೆ ಹೋಗುತ್ತವೆ, ಕೆಲವು ಕೆಳಗೆ ಬರುತ್ತವೆ. ನಡುವೆ ಬಾಯಿ ಬಿಟ್ಟುಕೊಂಡ ಜಾಗದಲ್ಲಿ ಅಡ್ಡ ದಾರ ತೂರಿಸಿ ಸ್ಕೇಲಿನಿಂದ ತಟ್ಟಬೇಕು. ಅಷ್ಟೇ. ಆದರೆ ಅಷ್ಟನ್ನು ಕಟ್ಟಿ ನಿಲ್ಲಿಸುವುದಕ್ಕೆ ಶುಕ್ರವಾರ ಸಂಜೆ, ಇಡೀ ಶನಿವಾರ ಹಿಡಿದಿತ್ತು. ಮೂರು ಸಲ ತಪ್ಪಿ, ಮೂರು ಸಲ ಬಿಚ್ಚಿದ್ದಳು.

ತೊಂದರೆ ಬಂದದ್ದು ಕಾರ್ಡಿನಿಂದ. ಗಟ್ಟಿ ಕಾಗದ ಬೇಕಿತ್ತು. ಅಜ್ಜಿ ಮರಿಯಮ್ಮ ಹಳೆಯ ಲಗ್ನಪತ್ರಿಕೆಗಳನ್ನು ಒಂದು ಚೀಲದಲ್ಲಿ ಕೂಡಿಡುತ್ತಿದ್ದರು. ಅದರ ಹೆಸರೇ ಮನೆಯಲ್ಲಿ ‘ಮುಗಿದ ಮದುವೆಗಳ ಚೀಲ’. ಅರ್ಪಿತ ಮೇಲಿನ ಮೂರು ಪತ್ರಿಕೆ ತೆಗೆದು, ಒಂದೊಂದರಿಂದ ನಾಲ್ಕು ನಾಲ್ಕು ಚೌಕ ಕತ್ತರಿಸಿದ್ದಳು.

ಮೇಲಿದ್ದ ಪತ್ರಿಕೆಯ ಮದುವೆ ಇನ್ನೂ ಮುಗಿದಿರಲಿಲ್ಲ. ಅದು ಇವತ್ತು ಹನ್ನೊಂದೂ ಕಾಲಿಗೆ ಇತ್ತು.

“ಮುಗಿದ ಚೀಲಕ್ಕೆ ಯಾಕಜ್ಜಿ ಹಾಕ್ದೆ?”

“ಕಳೆದುಹೋಗ್ಬಾರ್ದು ಅಂತ” ಅಂದರು ಅಜ್ಜಿ. “ಆ ಚೀಲ ಯಾರೂ ಮುಟ್ಟಲ್ಲ ಅನ್ಕೊಂಡಿದ್ದೆ.”

ದಿನ, ಹೊತ್ತು ಅಜ್ಜಿಗೆ ನೆನಪಿತ್ತು. ಮಂಟಪ ಎಲ್ಲಿ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಅಮ್ಮನೂ ಮನೆಯಲ್ಲಿರಲಿಲ್ಲ. ಜಯನಗರದ ಕ್ಲಿನಿಕ್‌ನಲ್ಲಿ ಅವಳಿಗೆ ಭಾನುವಾರವೂ ಡ್ಯೂಟಿ.

“ಫೋನ್ ಮಾಡಿ ಕೇಳು ತಾತ.”

“ಯಾರಿಗೆ? ಮುನಿವೆಂಕಟಪ್ಪಂಗಾ?” ತಾತನ ದನಿ ಏರಿತು. “ಮನೆ ಬಾಗಿಲಿಗೆ ಬಂದು, ಅಕ್ಷತೆ ಕೊಟ್ಟು ಕರೆದು ಹೋದೋನಿಗೆ, ನಿನ್ನ ಮಗಳ ಮದುವೆ ಎಲ್ಲಪ್ಪಾ ಅಂತ ಕೇಳೋದಾ? ಪತ್ರಿಕೆ ಬಿಚ್ಚಿ ನೋಡೇ ಇಲ್ಲ ಅನ್ಕೋತಾನೆ.”

“ಬೇರೆ ಯಾರನ್ನಾದ್ರೂ ಕೇಳು.”

“ಬೇರೆ ಯಾರನ್ನ ಕೇಳಿದ್ರೂ ಹತ್ತು ನಿಮಿಷಕ್ಕೆ ಅವನ ಕಿವಿಗೆ ಬೀಳುತ್ತೆ.”

ಮುನಿವೆಂಕಟಪ್ಪ ತಾತನ ಚಿಕ್ಕಪ್ಪನ ಮಗ. ಒಂದು ಕಾಂಪೌಂಡ್ ಗೋಡೆ ಮೂರು ಇಂಚು ಈಚೆ ಬಂತೆಂದು ಇಬ್ಬರೂ ಒಂಬತ್ತು ವರ್ಷ ಮಾತು ಬಿಟ್ಟಿದ್ದರು. ಹೋದ ವಾರ ಅವನೇ ಗೇಟಿನಲ್ಲಿ ನಿಂತು ಪತ್ರಿಕೆ ಕೊಟ್ಟಿದ್ದ. ತಾತ ಬಿಚ್ಚದೆ ಅಜ್ಜಿಯ ಕೈಗೆ ದಾಟಿಸಿದ್ದರು. ಇವತ್ತು ಹೋಗದಿದ್ದರೆ ಇನ್ನು ಮುಂದೆ ಯಾವತ್ತೂ ಹೋಗುವ ಹಾಗಿರಲಿಲ್ಲ.

ಆದ್ದರಿಂದ ತಾತ ಮಗ್ಗವನ್ನು ಓದುತ್ತಿದ್ದರು.

ಓದುವುದು ಸುಲಭವಿರಲಿಲ್ಲ. ನೇಯ್ಗೆಯ ನಿಯಮದಂತೆ ಅರ್ಪಿತ ಆರು ಕಾರ್ಡಿನ ಮುಖ ಅಡುಗೆಮನೆ ಕಡೆಗೂ ಆರರ ಮುಖ ಬೀದಿಬಾಗಿಲ ಕಡೆಗೂ ಮಾಡಿದ್ದಳು. ಒಂದೊಂದನ್ನೇ ದಾರದ ಮೇಲೆ ಮುಂದೆ ಜಾರಿಸಿದರೆ ಅಕ್ಷರ ಕಾಣುತ್ತಿತ್ತು, ಅದೂ ಅಡ್ಡಡ್ಡ.

“ಕತ್ತು ನೋಯ್ತಿದೆ. ಕಾಲು ಸುತ್ತು ತಿರುಗಿಸು.”

ಅರ್ಪಿತ ಕಾರ್ಡುಗಳನ್ನು ತಿರುಗಿಸಿದಳು.

“ಹೊಕ್ಕು ಹಾಕ್ರೀ!” ಎಂದು ಬಾಗಿಲಿನಿಂದ ಯಾರೋ ಗದರಿದರು.

ಮೇಲಿನ ಮನೆ ಬಾಡಿಗೆಯ ಹಣಮಪ್ಪ ಅಂಕಲ್‌ನ ತಾಯಿ ತಂಗೆವ್ವ. ಗುಳೇದಗುಡ್ಡದಲ್ಲಿ ನಲವತ್ತು ವರ್ಷ ಖಣ ನೇಯ್ದವರು. ಸಕ್ಕರೆ ಕೇಳಲು ಬಂದವರು ಲೋಟ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಿದ್ದರು.

“ಹೊಳ್ಳಿಸಿದ ಮ್ಯಾಲ ಅಡ್ಡ ಎಳಿ ಹಾಕಬೇಕ್ರಿ ಯಜಮಾನ್ರ. ಬರೇ ಹೊಳ್ಳಿಸಿದ್ರ ಹಿಂದ ಹುರಿ ಬೀಳತೈತಿ.”

“ನಾನು ನೇಯ್ತಿಲ್ಲಮ್ಮ. ಮದುವೆ ಪತ್ರಿಕೆ ಓದ್ತಿದ್ದೀನಿ.”

“ಏನರ ಓದ್ರಿ. ಹೊಕ್ಕು ಮಾತ್ರ ಹಾಕ್ರಿ.”

ತಾತ ಹೊಕ್ಕು ಹಾಕಿದರು. ಅರ್ಪಿತ ಸ್ಕೇಲಿನಿಂದ ತಟ್ಟಿದಳು. ಆಮೇಲೆ ಓದಿದರು: “ಶ್ರೀ ಗಣೇಶ ಪ್ರಸನ್ನ.”

“ಮುಂದೆ” ಅಂದರು ಅಜ್ಜಿ.

“ಆಶೀರ್ವಾದವೇ ಉಡುಗೊರೆ.”

“ಮುಂದೆ.”

ತಾತ ತೂರಿ ಈ ಕಡೆ ಬಂದರು. ಕಾಲು ಸುತ್ತು, ಹೊಕ್ಕು, ಸ್ಕೇಲು. “ಇದೂ ಆಶೀರ್ವಾದವೇ ಉಡುಗೊರೆ.”

ಮೂರನೇ ಸಲವೂ ಅದನ್ನೇ ಓದಿದಾಗ ತಾತನಿಗೆ ಸಿಟ್ಟು ಬಂತು. “ಮೂವರಿಗೂ ಆಶೀರ್ವಾದವೇ ಬೇಕಂತೆ. ಎಲ್ಲಿಗೆ ತಂದುಕೊಡ್ಬೇಕು ಅಂತ ಒಬ್ಬನೂ ಹೇಳ್ತಿಲ್ಲ!”

ಹತ್ತು ಗಂಟೆಯ ಹೊತ್ತಿಗೆ ಹನ್ನೆರಡೂ ಕಾರ್ಡು ಓದಿ ಆಯಿತು. ಬೆಲ್ಟು ನಾಲ್ಕು ಬೆರಳು ಬೆಳೆದಿತ್ತು. ಮಂಟಪ ಮೂರು ಸಿಕ್ಕಿದ್ದವು: ತಲಘಟ್ಟಪುರದ್ದೊಂದು, ಜೆ.ಪಿ. ನಗರದ್ದೊಂದು, ಬನಶಂಕರಿಯದೊಂದು. ಮೂರೂ ಪತ್ರಿಕೆ ಒಂದೇ ಅಂಗಡಿಯವು. ಅದೇ ಕೆನೆ ಬಣ್ಣ, ಅದೇ ಕೆಂಪು ಅಕ್ಷರ. ಹುಡುಗಿಯ ಹೆಸರಿದ್ದ ಚೌಕದ ಜೊತೆ ಯಾವ ಮಂಟಪದ ಚೌಕ ಹೋಗುತ್ತದೆ ಎಂದು ಹೇಳುವವರಿರಲಿಲ್ಲ.

“ಎಲ್ಲಾ ಬಿಡಿಸಿ ನೆಲದ ಮೇಲಿಟ್ಟು, ಅಂಚಿಗೆ ಅಂಚು ಸೇರಿಸಿದ್ರೆ ಎರಡು ನಿಮಿಷಕ್ಕೆ ಗೊತ್ತಾಗುತ್ತೆ” ಅಂದರು ಅಜ್ಜಿ. ಒಳಗೆ ಹೋಗಿ ಕತ್ತರಿ ತಂದು ತಾತನ ಕೈಗೆ ಕೊಟ್ಟರು.

“ಕಾರ್ಡ್ ಮಾತ್ರ ಕಟ್ ಮಾಡಕ್ಕಾಗಲ್ವಾ?” ಎಂದು ಅರ್ಪಿತ ತಂಗೆವ್ವನನ್ನು ಕೇಳಿದಳು.

“ಕಾರ್ಡ್ ಕಡದ್ರೂ ಅಷ್ಟ, ಎಳಿ ಕಡದ್ರೂ ಅಷ್ಟವ್ವ. ಎಲ್ಲಾ ಕಲಸಿ ಹೋಗತೈತಿ. ಮತ್ತ ಎರಡ್ ದಿನ.”

ಎರಡು ದಿನ ಇರಲಿಲ್ಲ. ಅತ್ತರೆ ಸೊಂಟ ಅಲ್ಲಾಡುತ್ತದೆ, ದಾರ ಸಡಿಲವಾಗುತ್ತದೆ ಎಂದು ಅರ್ಪಿತ ಅಳಲಿಲ್ಲ. ನೆಟ್ಟಗೆ ಕುಳಿತಳು.

ತಾತ ಕತ್ತರಿಯ ಬಾಯಿ ತೆರೆದು ದಾರಗಳ ಹತ್ತಿರ ತಂದರು. ನಲವತ್ತೆಂಟರಲ್ಲಿ ಯಾವುದರಿಂದ ಶುರು ಮಾಡಬೇಕೋ ತಿಳಿಯದವರ ಹಾಗೆ ಆ ತುದಿಯಿಂದ ಈ ತುದಿಗೆ ನೋಡಿದರು. ಆಮೇಲೆ ಕತ್ತರಿಯನ್ನು ಟೀವಿಯ ಮೇಲಿಟ್ಟರು. ಜುಬ್ಬದ ಜೇಬಿನಿಂದ ಫೋನ್ ತೆಗೆದು ಅರ್ಪಿತಳಿಗೆ ಕೊಟ್ಟರು.

“ಮುನಿವೆಂಕಟನ್ನ ಇದ್ರಲ್ಲಿ ಬ್ಲಾಕ್ ಮಾಡಿದ್ದೀನಿ. ತೆಗಿ ಅದನ್ನ.”

ಅರ್ಪಿತ ತೆಗೆದಳು. ತಾತನೇ ಸ್ಪೀಕರ್ ಒತ್ತಿದರು. ಅದು ಅವರ ಅಭ್ಯಾಸ. ಅವರ ಎಲ್ಲ ಫೋನುಗಳನ್ನೂ ಇಡೀ ಮನೆ ಕೇಳಲೇಬೇಕು.

“ಹಲೋ? ಯಾರು?”

“ನಾನು. ತಿಮ್ಮರಾಯಿ.”

ಆ ಕಡೆ ವಾಲಗದ ಸದ್ದು ಕೇಳಿಸಿತು.

“ಮಂಟಪ ಎಲ್ಲಿ ಅಂತ ಗೊತ್ತಾಗ್ಲಿಲ್ಲ ಕಣೋ” ಅಂದರು ತಾತ. “ಪತ್ರಿಕೆ ಕಳೆದುಹಾಕ್ಬಿಟ್ಟೆ.”

“ಕಳೆದುಹಾಕ್ಬಿಟ್ಯಾ?”

“ಹೂಂ. ನಾನೇ.”

ಅರ್ಪಿತ ತಾತನ ಮುಖ ನೋಡಿದಳು. ತಾತ ಕಿಟಕಿ ನೋಡುತ್ತಿದ್ದರು.

“ಅಯ್ಯೋ ಅಣ್ಣ, ಇದ್ದಿದ್ರೂ ಪ್ರಯೋಜನ ಇರ್ಲಿಲ್ಲ!” ಅಂದ ಮುನಿವೆಂಕಟಪ್ಪ. “ತಲಘಟ್ಟಪುರದ ಮಂಟಪದೋನು ಒಂದೇ ದಿನ ಇಬ್ರಿಗೆ ಕೊಟ್ಟವ್ನೆ. ನಿನ್ನೆ ರಾತ್ರಿ ಗೊತ್ತಾಯ್ತು. ಎಲ್ರಿಗೂ ಮೆಸೇಜ್ ಹಾಕ್ದೆ. ನಿಂಗೆ ಹಾಕಿದ್ದು ಮಾತ್ರ ಒಂದೇ ಟಿಕ್ಕು. ಬಂದು ಕರಿಯೋಣ ಅಂದ್ರೆ... ಇನ್ನೂ ಬೇಜಾರೇನೋ ಅನ್ಕೊಂಡೆ.”

“ಈಗ ಎಲ್ಲಿ?”

“ನಿಮ್ಮ ಹಿಂದಿನ ರಸ್ತೆ, ಸಮುದಾಯ ಭವನ. ಸಿಕ್ಕಿದ್ದು ಇದೊಂದೇ. ಇಲ್ಲಿಂದ ನಿಮ್ಮ ಟೆರೇಸ್ ಮೇಲೆ ಒಣಗಾಕಿರೋ ಬೆಡ್‌ಶೀಟ್ ಕಾಣ್ತಿದೆ, ನೀಲಿದು.”

ಫೋನಿನಲ್ಲಿ ಡೋಲು ಬಡಿಯಿತು. ಅದೇ ಡೋಲು ಕಿಟಕಿಯಲ್ಲೂ ಬಡಿಯಿತು, ಅರ್ಧ ಸೆಕೆಂಡ್ ಮುಂಚೆ.

“ಬೆಳಿಗ್ಗೆಯಿಂದ ಡೋಲು ಬಡೀತಿರೋನು ಯಾವನಪ್ಪಾ ಅಂತ ಬಯ್ತಾನೇ ಇದ್ದೆ” ಅಂದರು ಅಜ್ಜಿ. “ರೀ, ನಾನು ಮುಂದೆ ಹೋಗಿರ್ತೀನಿ. ಹುಡುಗಿಗೆ ಧಾರೆ ಸೀರೆ ಉಡಿಸೋಕೆ ಜನ ಬೇಕಾಗುತ್ತೆ.” ಹೊರಟೇಬಿಟ್ಟರು.

ತಂಗೆವ್ವ ಸಕ್ಕರೆಯ ವಿಷಯ ಮರೆತು ಅರ್ಪಿತಳ ಪಕ್ಕ ಕುಳಿತರು. “ನಡಿ, ಹೊಳ್ಳಿಸು. ಸಂಜೀತನಕ ಕುಂತರ ಒಂದು ಮೊಳ ಆಕ್ಕೈತಿ.”

ಅರ್ಪಿತ ಕಾಲು ಸುತ್ತು ತಿರುಗಿಸಿದಳು. ಹೊಕ್ಕು ಹಾಕಿದಳು. ತಲೆ ಎತ್ತಿದಾಗ, ತೆರೆದ ಬಾಗಿಲಿನಾಚೆ, ತಾತ ಇನ್ನೂ ಗೇಟಿನ ಹತ್ತಿರವೇ ಇದ್ದರು.

ಚಪ್ಪಲಿ ಹಾಕಿಕೊಂಡರು. ಶಲ್ಯ ಸರಿ ಮಾಡಿಕೊಂಡರು. ಗೇಟಿನ ಚಿಲಕ ತೆಗೆದರು. ಮತ್ತೆ ಹಾಕಿದರು. ಶಲ್ಯವನ್ನು ಎಡಭುಜದಿಂದ ಬಲಭುಜಕ್ಕೆ ಬದಲಿಸಿದರು. ಹೋಗುವ ದಾರಿ ಎರಡು ನಿಮಿಷದ್ದು.

ಎರಡನೇ ಕ್ಲಾಸಿಗೆ ಹೊಸ ಸ್ಕೂಲು ಸೇರಿದ ದಿನ ಅರ್ಪಿತಳೂ ಹೀಗೇ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದಳು. ಒಳಗಿನವರೆಲ್ಲ ಒಟ್ಟಿಗೆ ತಿರುಗಿ ನೋಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಅವಳು ಜಡೆಯ ರಿಬ್ಬನ್ ಬಿಚ್ಚಿ, ಕಾರ್ಡುಗಳು ಹೊರಳದಂತೆ ಹನ್ನೆರಡನ್ನೂ ಸೇರಿಸಿ ಕಟ್ಟಿದಳು. ಸೊಂಟದ ಗಂಟು ಸಡಿಲಿಸಿ, ದಾರದ ತುದಿಯನ್ನು ಕುರ್ಚಿಗೆ ಬಿಗಿದಳು.

“ಎಲ್ಲಿಗವ್ವಾ? ನಾಳಿಗೆ ಮುಗೀಬೇಕಲ್ಲ?”

“ಎಷ್ಟಾಗುತ್ತೋ ಅಷ್ಟು ತಗೊಂಡ್ಹೋಗ್ತೀನಿ ಅಜ್ಜಿ.”

ತಂಗೆವ್ವ ಗೇಟಿನ ಕಡೆ ನೋಡಿದರು.

ಅರ್ಪಿತ ಒಂದು ಜಡೆ ಬಿಚ್ಚಿದ ತಲೆಯಲ್ಲೇ ಓಡಿ, ಚಪ್ಪಲಿ ಮೆಟ್ಟಿ, ಗೇಟಿನ ಚಿಲಕ ತೆಗೆದಳು. ತಾತನ ಕಿರುಬೆರಳು ಹಿಡಿದುಕೊಂಡಳು.

“ನೀನ್ಯಾಕೆ? ನಿನ್ನ ಬೆಲ್ಟು?”

“ನಂಗೆ ಹೋಳಿಗೆ ಬೇಕು.”

ಇಬ್ಬರೂ ರಸ್ತೆಗಿಳಿದರು. ತಿರುವಿನಲ್ಲಿ ಡೋಲಿನ ಸದ್ದು ಜೋರಾಯಿತು. ತಾತನ ಬೆರಳು ಬಿಗಿಯಾಯಿತು.

“ಸ್ವಲ್ಪ ನಿಧಾನ ನಡಿ ಮಗಾ” ಅಂದರು.

ಅರ್ಪಿತ ಮೊದಲಿನಿಂದಲೂ ನಿಧಾನವಾಗಿಯೇ ನಡೆಯುತ್ತಿದ್ದಳು. ಇನ್ನಷ್ಟು ನಿಧಾನ ಮಾಡಿದಳು.