ವಾರದ ಕೆರೆಗೆ ದಿನಾ ಬಂದವನು

ಇದು ನಡೆದ ಕತೆ ಅಲ್ಲ, ಸೈಕಲ್ ತುಳಿದ ಕತೆ. ಆದರೂ ನಿಜ. ನಂಬದವರು ಕಲ್ಮಲದಿಂದ ಬನ್ನಿಹಾಳದವರೆಗೆ ಒಡ್ಡಿನ ಹಾದಿಯಲ್ಲಿ ಒಮ್ಮೆ ಪೆಡಲ್ ಹೊಡೆದು ನೋಡಲಿ. ಏಳು ಮೈಲಿಯಲ್ಲಿ ನಾಲ್ಕು ಕೆರೆ ಸಿಗುತ್ತವೆ, ಎರಡೋ ಮೂರೋ ಎತ್ತಿನ ಬಂಡಿ ಸಿಗುತ್ತವೆ. ಸುಳ್ಳು ಹೇಳೋಣವೆಂದರೆ ನಿಂತು ಕೇಳುವ ಒಂದು ಮನುಷ್ಯ ಪ್ರಾಣಿಯೂ ಸಿಗುವುದಿಲ್ಲ.

ಎಂಬತ್ತೊಂದನೇ ಇಸವಿಯ ಡಿಸೆಂಬರ್. ಉರುಕುಂದಪ್ಪನಿಗೆ ಇಪ್ಪತ್ತಾರು ವಯಸ್ಸು, ಕೆರೆಗಳ ಕಚೇರಿಯಲ್ಲಿ ನೌಕರಿ. ತೂಬಿನ ಪಕ್ಕದಲ್ಲಿ ನಿಂತ ಅಳತೆ ಕಲ್ಲನ್ನು ನೋಡಿ, ನೀರು ಎಷ್ಟಡಿ ಇದೆಯೆಂದು ಪುಸ್ತಕದಲ್ಲಿ ಬರೆದು, ಮಾನ್ವಿಯ ಸಾಹೇಬರಿಗೆ ಕಳಿಸುವುದು ಅವನ ಕೆಲಸ. ಒಂದು ಕೆರೆಗೆ ವಾರಕ್ಕೊಂದೇ ಸಲ. ಬನ್ನಿಹಾಳದ ಕೆರೆಗೆ ಬುಧವಾರ.

ಅವನ ಗಂಟಲಿಗೆ ಮಾತ್ರ ಯಾವ ವಾರವೂ ಇರಲಿಲ್ಲ. ರಾಯಚೂರಿನಲ್ಲಿ ಬಿ.ಎ. ಓದುವಾಗ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಸಾರಿ ಮೂರು ಕ್ಲಾಸು ಖಾಲಿ ಮಾಡಿಸಿದ ಗಂಟಲು ಅದು. ಕೋಳಿ, ಕಂಡಕ್ಟರು, ಕೆಮ್ಮುವ ಮುದುಕ, ಕೆರಳಿದ ಎಮ್ಮೆ, ಎಲ್ಲವೂ ಅದರೊಳಗೆ ಬಾಡಿಗೆಗಿದ್ದವು.

ಆ ಬುಧವಾರ ಒಡ್ಡಿನ ಮೇಲೆ ಮುಂದೆ ಒಂದು ಲೇಡೀಸ್ ಸೈಕಲ್ ಹೋಗುತ್ತಿತ್ತು. ಸೆರಗು ಸೊಂಟಕ್ಕೆ ಬಿಗಿದಿತ್ತು, ಹಿಂದಿನ ಕ್ಯಾರಿಯರಿನಲ್ಲಿ ಪುಸ್ತಕದ ಚೀಲ. ಎಡಕ್ಕೆ ಕೆರೆ, ಬಲಕ್ಕೆ ಬಿಳಿಜೋಳದ ಹೊಲ. ಇಷ್ಟು ಶಾಂತವಾದ ಹಾದಿಯನ್ನು ಕಂಡರೆ ಉರುಕುಂದಪ್ಪನಿಗೆ ಕೈಕಾಲು ತುರಿಸುತ್ತಿದ್ದವು. ಹತ್ತಿರ ಹೋದವನೇ ಲಾರಿಯ ಹಾರ್ನ್ ಹೊಡೆದ. ಬಾಯಲ್ಲಿ.

ಲೇಡೀಸ್ ಸೈಕಲ್ಲು ನೇರ ಜೋಳದ ಹೊಲಕ್ಕೆ ಇಳಿಯಿತು.

ದಂಟುಗಳ ನಡುವಿನಿಂದ ಎದ್ದು ನಿಂತವಳ ತಲೆಯಲ್ಲಿ ಒಂದು ತೆನೆ ಸಿಕ್ಕಿಕೊಂಡಿತ್ತು. ಅವಳು ಹಾದಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು.

“ಲಾರಿ ಎಲ್ಲದ?”

“ಇಲ್ಲೇ ಅದರಿ... ಗಂಟಲದಾಗ.”

“ಈ ಹಾದಿ ಯಾಕ ಹಿಡಿದೀನಿ ಗೊತ್ತದೇನ್ರಿ ನಿಮಗ?” ಅವಳ ಮೂಗಿನ ತುದಿ ಕೆಂಪಾಗಿತ್ತು. “ಡಾಂಬರ್ ರೋಡಿನ್ಯಾಗ ಹೋದ್ರ ಲಾರಿಯವರು ಹಾರ್ನ್ ಹೊಡೀತಾರ, ಬಸ್ಸಿನ್ಯಾಗ ಕುಂತಾವ್ರು ಸಿಳ್ಳಿ ಹಾಕ್ತಾರ. ಹೆಣ್ಮಗಳು ಸೈಕಲ್ ಹೊಡದ್ರ ಊರಿಗೆ ಆನಿ ಬಂದಂಗ ನೋಡ್ತಾರ. ಅದಕ್ಕ ಸುತ್ತಾದ್ರೂ ಆಗಲಿ ಅಂತ ಈ ಕಡಿ ಬರ್ತೀನಿ. ಇಲ್ಲಿ ಸೈತ ನೀವು ಹುಟ್ಟಿಕೊಂಡೀರಲ್ರಿ!”

ಉರುಕುಂದಪ್ಪ ಜೀವನದಲ್ಲಿ ಮೊದಲ ಸಲ ತನ್ನ ಗಂಟಲಿಗಾಗಿ ನಾಚಿಕೊಂಡ. ಹೊಲಕ್ಕಿಳಿದು ಸೈಕಲ್ ಎತ್ತಿಕೊಟ್ಟ. ಹ್ಯಾಂಡಲ್ ನೆಟ್ಟಗೆ ಮಾಡಿದ. ಬಿದ್ದ ಪುಸ್ತಕಗಳ ಮಣ್ಣನ್ನು ತನ್ನ ಅಂಗಿಗೆ ಒರೆಸಿದ.

“ತಪ್ಪಾತ್ರಿ. ನಿಮ್ಮ ಹೆಸರು?”

“ಮೂಕಮ್ಮ.”

ಅವನು ಗಡಬಡಿಸಿ ಕೆರೆಯ ಕಡೆ ತಿರುಗಿದ. ಬೆನ್ನು ಅಲುಗುತ್ತಿತ್ತು.

“ನಗ್ರಿ, ನಗ್ರಿ. ಹುಟ್ಟಿದಾಗ ಮೂರು ದಿನ ಅಳಲಿಲ್ಲಂತ, ಹಂಗಂತ ಇಟ್ರು. ಆಮ್ಯಾಲ ಬಾಯಿ ಮುಚ್ಚಿಲ್ಲ.” ಸೀಟಿನ ಮೇಲೆ ಕೂತು ಅವಳು ಒಮ್ಮೆ ಓರೆಯಾಗಿ ನೋಡಿದಳು. ಆ ನೋಟದಲ್ಲಿ ಸಿಟ್ಟು ಮುಕ್ಕಾಲು ಪಾಲು ಮಾತ್ರ ಇತ್ತು. “ಬನ್ನಿಹಾಳ ಸಾಲ್ಯಾಗ ಟೀಚರ್ ಅದೀನಿ. ಕಲ್ಮಲದಾಗ ನಮ್ಮ ಓಣಿಗೇ ಮೊದಲ ಟೀಚರ್. ಇನ್ನೊಮ್ಮಿ ಲಾರಿ ಬಂದ್ರ ಬೆತ್ತ ತರ್ತೀನಿ.”

ಉಳಿದ ಕಾಲು ಪಾಲಿನಲ್ಲಿ ಏನಿತ್ತು? ಅದನ್ನು ತಿಳಿಯದೆ ಉರುಕುಂದಪ್ಪನಿಗೆ ಆ ಇಡೀ ದಿನ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಗುರುವಾರ ಬೆಳಿಗ್ಗೆ ಅವನು ಮತ್ತೆ ಬನ್ನಿಹಾಳದ ಒಡ್ಡಿನ ಮೇಲಿದ್ದ.

“ಇವತ್ತೇನ್ರಿ ಕೆರಿ ಸಾಹೇಬ್ರ?”

“ನೀರು ಏರೇದೇನೋ ಅಂತ.”

“ಚಳಿಗಾಲದಾಗ?”

“ಮಂಜು ಬೀಳ್ತದಲ್ರಿ, ಟೀಚರ್.”

ಊರಿನವರೆಲ್ಲ ಅವಳನ್ನು ಅಕ್ಕೋರು ಅನ್ನುತ್ತಿದ್ದರು. ಆ ಒಂದು ಶಬ್ದ ಮಾತ್ರ ಉರುಕುಂದಪ್ಪನ ಬಾಯಿಗೆ ಬರಲಿಲ್ಲ. ನಿಮಗೆ ಅರ್ಥವಾಗುತ್ತದೆ.

ಶುಕ್ರವಾರ ಬಂದ, ಶನಿವಾರ ಬಂದ, ಸೋಮವಾರ ಬಂದ. ಕೆರೆಯ ನೀರು ಇದ್ದಲ್ಲೇ ಇತ್ತು. ಅವನ ನಿದ್ದೆ ಮಾತ್ರ ದಿನಕ್ಕೊಂದು ಅಡಿ ಇಳಿಯುತ್ತಿತ್ತು. ಉಳಿದ ಕೆರೆಗಳನ್ನು ಮಧ್ಯಾಹ್ನದ ಬಿಸಿಲಲ್ಲಿ ಓಡೋಡಿ ಮುಗಿಸುತ್ತಿದ್ದ. ಬೆಳಗಿನ ಹೊತ್ತು ಈ ಹಾದಿಗೆ ಮೀಸಲಾಗಿತ್ತು.

ಒಡ್ಡು ಅಗಲವಿದ್ದ ಕಡೆ ಎರಡು ಸೈಕಲ್ಲು ಜೋಡಿಯಾಗಿ ಹೋಗುತ್ತಿದ್ದವು. ಇಕ್ಕಟ್ಟಾದ ಕಡೆ ಅವನು ಹಿಂದೆ ಸರಿಯುತ್ತಿದ್ದ. ಅವಳು ಒಂದು ಕೈ ಬಿಟ್ಟು ಹಣೆಯ ಕೂದಲು ಸರಿಸಿದರೆ ಸೈಕಲ್ಲು ಸಣ್ಣಗೆ ತೂಗಾಡುತ್ತಿತ್ತು. ಹಿಂದಿನ ಸೈಕಲ್ಲು ಯಾವ ಕಾರಣವೂ ಇಲ್ಲದೆ ತೂಗಾಡುತ್ತಿತ್ತು. ದೂರದ ದೇಶದಿಂದ ಬಂದ ಬಾತುಗಳು ನೀರಿನ ನಡುವೆ ಕೂತು ಇಬ್ಬರನ್ನೂ ನೋಡುತ್ತಿದ್ದವು.

ದಾರಿಯುದ್ದಕ್ಕೂ ಅವನು ದನಿಗಳ ಸಂತೆ ಹಾಕುತ್ತಿದ್ದ. ಮಾನ್ವಿಯ ಸಾಹೇಬರು ಚಹಾಕ್ಕೆ ನಾಲಿಗೆ ಸುಟ್ಟುಕೊಂಡು ಬೈಯುವುದು, ದೇವದುರ್ಗದ ಬಸ್ಸಿನ ಕಂಡಕ್ಟರು “ಮುಂದ್ ಸರೀರಿ, ಹಿಂದ್ ಜಾಗ ಅದ” ಎಂದು ಎರಡೂ ಕಡೆ ನೂಕುವುದು. ಮೂಕಮ್ಮ ನಕ್ಕು ನಕ್ಕು ಕಾಲು ನೆಲಕ್ಕೆ ಊರುತ್ತಿದ್ದಳು.

ಒಂದು ದಿನ ನಗು ನಿಲ್ಲಿಸಿ ಕೇಳಿದಳು.

“ಎಲ್ಲಾರ ದನಿ ಕೇಳಿದೆ. ಈಗ ನಿಮ್ಮ ದನಿಯಾಗ ಏನರ ಹೇಳ್ರಿ.”

ಉರುಕುಂದಪ್ಪ ಬಾಯಿ ತೆರೆದ. ಒಳಗೆ ಹುಡುಕಿದ. ಕಡೆಗೆ ಮಾನ್ವಿಯ ಸಾಹೇಬರೇ ಹೊರಗೆ ಬಂದರು: “ಈ ಬಗ್ಗೆ ಪರಿಶೀಲಿಸಲಾಗುವುದು.”

ಅವಳು ನಕ್ಕಳು. ಆದರೆ ಕಾಲು ಊರಲಿಲ್ಲ.

ನಾಲ್ಕನೇ ಬುಧವಾರ ಅವಳು ಒಡ್ಡಿನ ನಡುವೆ ಸೈಕಲ್ ನಿಲ್ಲಿಸಿ ಕಾಯುತ್ತಿದ್ದಳು.

“ಐತವಾರ ದೇವದುರ್ಗದಿಂದ ಗಂಡಿನ ಕಡಿಯವರು ಬರಾಕತ್ಯಾರ.”

ಉರುಕುಂದಪ್ಪನ ಕೈ ಬ್ರೇಕಿನ ಮೇಲೆಯೇ ಉಳಿಯಿತು.

“ನೌಕರಿ ಮಾಡಬಹುದಂತ. ಸೈಕಲ್ ಮಾತ್ರ ಬಿಡಬೇಕಂತ.”

“ನೀವೇನಂದ್ರಿ?”

“ನಾ ಏನಂತೀನಿ ಅನ್ನೂದು, ಯಾರರ ಏನರ ಕೇಳಿದ್ರ ತಿಳೀತದ.” ಅವಳು ಹ್ಯಾಂಡಲ್ಲಿನ ರಬ್ಬರನ್ನು ಉಗುರಿನಿಂದ ಕೆರೆಯುತ್ತಿದ್ದಳು. “ನಮ್ಮಪ್ಪ ಶನಿವಾರದ ಮಟ ಯೋಚನಿ ಮಾಡು ಅಂದಾನ.”

ಈಗ, ಈ ಕ್ಷಣ, ಒಂದು ಮಾತು ಸಾಕಾಗಿತ್ತು. ಹೆದರಿಕೆಗೆ ಬಾಯಿಗೆ ಬಂದದ್ದು ದೇವದುರ್ಗದ ಕಾಣದ ಗಂಡಿನ ದನಿ: “ಹುಡುಗಿ ಸೈಕಲ್ ಬಿಡಲಿ, ಬೇಕಾದ್ರ ನಾನು ಮೀಸಿ ಬಿಡ್ತೀನಿ!”

ಮೂಕಮ್ಮ ನಗಲಿಲ್ಲ. ಅವನ ಮುಖವನ್ನು ಒಂದು ಗಳಿಗೆ ನೋಡಿದಳು, ಓದಿ ಮುಗಿದ ಪುಸ್ತಕ ಮುಚ್ಚುವ ಹಾಗೆ ಕಣ್ಣು ತಗ್ಗಿಸಿದಳು, ಹೋದಳು. ಗಂಟೆ ಸಹ ಬಾರಿಸಲಿಲ್ಲ.

ಗುರುವಾರ, ಶುಕ್ರವಾರ ಉರುಕುಂದಪ್ಪ ಬನ್ನಿಹಾಳಕ್ಕೆ ಮುಖ ತೋರಿಸಲಿಲ್ಲ. ಬೆಳಗಿನಿಂದ ಸಂಜೆವರೆಗೆ ಬೇರೆ ಮೂರು ಕೆರೆ ಸುತ್ತಿದ. ಸುತ್ತಿದ್ದನ್ನೇ ಸುತ್ತಿದ. ಯಾವ ಅಳತೆ ಕಲ್ಲು ನೋಡಿದರೂ ಅಂಕಿ ಕಾಣಲಿಲ್ಲ. ಸಂಜೆ ಕಲ್ಮಲದ ಸೈಫುದ್ದೀನನ ಸೈಕಲ್ ಅಂಗಡಿಗೆ ಬಂದು, “ಭಾಯಿ, ಪೆಡಲ್ ಭಾರ ಆಗಾಕತ್ತದ, ನೋಡ್ರಿ” ಎಂದ.

ಸೈಫುದ್ದೀನ್ ಸೈಕಲ್ಲನ್ನು ತಲೆಕೆಳಗು ಮಾಡಿ ಚಕ್ರ ತಿರುಗಿಸಿದ. ಅದು ಗಾಳಿಯ ಹಾಗೆ ತಿರುಗಿತು.

“ಸೈಕಲ್ ಬರಾಬರ್ ಅದ ಮಿಯಾ. ಸವಾರನ ನಟ್ ಲೂಸ್ ಆಗೇದ. ಅದು ಬಿಗಿಯೂ ಪಾನಾ ನನ್ನ ಹತ್ರ ಇಲ್ಲ.”

ಶನಿವಾರ ಬೆಳಿಗ್ಗೆ ಅವನು ಹೊರಟ. ಹಾದಿಯುದ್ದಕ್ಕೂ ಆ ಒಂದು ಮಾತನ್ನು ಅಭ್ಯಾಸ ಮಾಡಿದ. ಮೊದಲ ಕೆರೆಯ ಹತ್ತಿರ ಅದು ಕಂಡಕ್ಟರನ ದನಿಯಲ್ಲಿ ಬಂತು, ಎರಡನೆಯದರ ಹತ್ತಿರ ಪ್ರಿನ್ಸಿಪಾಲರ ದನಿಯಲ್ಲಿ. ಮೂರನೆಯದಕ್ಕೆ ಬರುವ ಹೊತ್ತಿಗೆ ದನಿಯೇ ಇರಲಿಲ್ಲ.

ಬನ್ನಿಹಾಳದ ಅಗಸಿಯಲ್ಲಿ, ಊರಬಾಗಿಲಲ್ಲೇ, ಐದು ಬಂಡಿ ನಿಂತಿದ್ದವು. ಹಂಡೆ, ಕೊಪ್ಪರಿಗೆ, ಕೌದಿಯ ಗಂಟು, ಜೋಳದ ಚೀಲ. ಎತ್ತುಗಳ ಕೊರಳಿಗೆ ನೊಗ ಏರಿತ್ತು. ಊರಿನ ಹಿರಿಯ ವಿರೂಪಣ್ಣ ತಲೆಯ ಪಟಕ ಬಿಚ್ಚಿ ಕೈಯಲ್ಲಿ ಹಿಡಿದು ಮುಂದೆ ಬಂದ.

“ಬರ್ರಿ ಸಾಹೇಬ್ರ. ಕಡೀ ಸಲ ನಮ್ಮೂರು ನೋಡಿಬಿಡ್ರಿ.”

“ಯಾಕ್ರಿ ಯಪ್ಪಾ? ಎಲ್ಲಿಗೆ ಹೊಂಟೀರಿ?”

“ನಮ್ಮ ಬಾಯಿಂದ್ಲೇ ಹೇಳಿಸ್ತೀರೇನು? ಹದಿನೈದು ವರ್ಷದ ಹಿಂದ ಒಡ್ಡು ಬಿರುಕು ಬಿಟ್ಟಾಗ, ಆಗಿನ ಸಾಹೇಬ್ರು ಹಿಂಗ ದಿನಾ ಬಂದು ಕಲ್ಲು ನೋಡ್ತಿದ್ರು. ಹತ್ತನೇ ದಿನಕ್ಕ ಒಡ್ಡು ಹೋತು, ಅರ್ಧ ಊರು ಹೋತು. ನೀವು ಇಪ್ಪತ್ತು ದಿನ ಬಂದೀರಿ. ಎರಡು ದಿನದಿಂದ ಬರಾದೂ ಬಿಟ್ರಿ. ಇನ್ನ ಉಳಿಯಂಗಿಲ್ಲಂತ ಕೈ ತೊಳಕೊಂಡೀರಿ, ಹೌದಿಲ್ಲೋ?”

ಮುದುಕಿ ಬಸವಂತಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ಹುಟ್ಟಿದ ಮನಿ ಬಿಟ್ಟು ಎಲ್ಲಿಗೆ ಹೋಗ್ಲಿ ಯಪ್ಪಾ...”

“ಇಲ್ರಿ! ಒಡ್ಡು ಕಲ್ಲಿನಂಗ ಅದ. ನೀರು ಒಂದು ಬಟ್ಟೂ ಏರಿಲ್ಲ!”

“ಹಂಗಾರ ದಿನಾ ಯಾಕ ಬರ್ತಿದ್ರಿ?”

ಉರುಕುಂದಪ್ಪ ಎದೆ ಉಬ್ಬಿಸಿ ಮಾನ್ವಿಯ ಸಾಹೇಬರನ್ನು ಕರೆದ: “ಮೇಲಿನ ಆದೇಶದ ಮೇರೆಗೆ...”

“ನೋಡ್ರಿ, ಮ್ಯಾಲಿನ ಆದೇಶಂತ! ಹೊಡೀರಿ ಬಂಡಿ!” ವಿರೂಪಣ್ಣ ಕೂಗಿದ. ಮೊದಲ ಬಂಡಿಯ ಗಾಲಿ ಅಲುಗಿತು.

ಸಾಲೆಯ ಗೋಡೆಗೆ ಒರಗಿ ಮೂಕಮ್ಮ ನಿಂತಿದ್ದಳು. ಒಂದು ಕೈ ಸೈಕಲ್ಲಿನ ಮೇಲೆ, ಕಣ್ಣು ನೆಲದ ಮೇಲೆ. ಸುಳ್ಳು ಹೇಳಿದರೆ ಒಂದು ಊರು ಮನೆ ಬಿಡುತ್ತದೆ. ನಿಜ ಹೇಳಿದರೆ ಅವಳ ಹೆಸರು ಊರಿನ ಬಾಯಿಗೆ ಬೀಳುತ್ತದೆ. ಗಾಲಿ ಇನ್ನೊಂದು ಸುತ್ತು ಉರುಳಿತು.

“ನಿಲ್ಲಸ್ರಿ!”

ಆ ದನಿ ಯಾರದ್ದೆಂದು ಅವನಿಗೇ ಗೊತ್ತಾಗಲಿಲ್ಲ. ತೆಳ್ಳಗಿತ್ತು, ನಡುಗುತ್ತಿತ್ತು, ನಡುವೆ ಒಡೆದಿತ್ತು. ಯಾರನ್ನೂ ಹೋಲುತ್ತಿರಲಿಲ್ಲ.

“ನನ್ನ ಕೆಲಸ ಬುಧವಾರ ಒಂದs. ಉಳಿದ ಐದು ದಿನ ನಾನs ಬಂದೀನಿ. ನೀರು ನೋಡಾಕಲ್ಲರಿ. ನಿಮ್ಮ ಟೀಚರನ್ನ ನೋಡಾಕ. ಅವರದೇನೂ ತಪ್ಪಿಲ್ಲ. ಅವರಿಗೆ ನಾ ಒಂದು ಮಾತೂ ಹೇಳಿಲ್ಲ, ಹೇಳಾಕ ಧೈರ್ಯ ಆಗಲಿಲ್ಲ. ಬೈಯೂದಿದ್ರ ನನಗ ಬೈರಿ. ಅವರು ಹ್ಞೂಂ ಅಂದ್ರ ಲಗ್ನ ಆಗ್ತೀನಿ. ಒಲ್ಲೆ ಅಂದ್ರ... ಬುಧವಾರ ಅಷ್ಟs ಬರ್ತೀನಿ. ನೀವು ಮಾತ್ರ ಊರು ಬಿಡಬ್ಯಾಡ್ರಿ.”

ಬಸವಂತಮ್ಮನ ಭುಜಗಳು ಕುಲುಕುತ್ತಿದ್ದವು. ಪಾಪ, ಅಳು ತಡೆಯಲಾಗುತ್ತಿಲ್ಲವೆಂದು ಉರುಕುಂದಪ್ಪ ಅಂದುಕೊಂಡ. ಮುದುಕಿ ಸೆರಗು ತೆಗೆದಳು. ಬಾಯಲ್ಲಿದ್ದ ಎರಡೇ ಹಲ್ಲು ಹೊರಗೆ ಬಿದ್ದಿದ್ದವು.

“ಊರು ಯಾರು ಬಿಡ್ತಾರೋ ಹುಚ್ಚಪ್ಪಾ! ವಿರೂಪಣ್ಣನ ಮಗಳ ಲಗ್ನ ಅದ, ಮಟಮಾರಿಗೆ ದಿಬ್ಬಣ ಹೊಂಟದ!”

“ಮೊದಲಿಗೆ ಖರೇನ ಅಂಜಿದ್ವಿರಿ,” ವಿರೂಪಣ್ಣ ಪಟಕ ತಲೆಗೆ ಸುತ್ತುತ್ತ ಹೇಳಿದ. “ಬಿತ್ತಿಗೆ ಜೋಳ ಸೈತ ಮಾಳಿಗಿ ಮ್ಯಾಲ ಸಾಗಿಸಿದ್ವಿ. ಸೋಮವಾರ ಹೋಗಿ ಅಕ್ಕೋರನ್ನ ಕೇಳಿದ್ವಿ. ಐತವಾರ ಸಾಲಿಗಿ ಸೂಟಿ, ಐತವಾರ ಈ ಸಾಹೇಬ್ರಿಗೂ ಸೂಟಿ. ಒಡ್ಡು ಒಡಿಯೂದಿದ್ರ ಐತವಾರ ನೋಡ್ತದೇನ್ರಿ ಅಂದ್ರು. ಅಲ್ಲಿಗೆ ತಿಳೀತು, ನೀವು ನೋಡೂದು ನೀರಲ್ಲಂತ. ಈ ನಾಟಕಾನೂ ಅವರ್ದs, ಶನಿವಾರ ನೀವು ಬಂದs ಬರ್ತೀರಂತ ನಿನ್ನಿ ಕಲಿಸಿದ್ರು.”

ಉರುಕುಂದಪ್ಪ ಮೂಕಮ್ಮನ ಕಡೆ ತಿರುಗಿದ. ಅವಳು ತುಟಿ ಕಚ್ಚಿ ಹಿಡಿದಿದ್ದಳು. ಕಣ್ಣಲ್ಲಿ ನೀರು ನಿಂತಿತ್ತು.

“ಇವತ್ತೂ ಆ ಮಾನ್ವಿ ಸಾಹೇಬ್ರs ಮಾತಾಡಿದ್ರ,” ಅವಳು ಮೆಲ್ಲಗೆ ಹೇಳಿದಳು, “ನಾಳೆ ಬರೋರಿಗೆ ಚಹಾ ಕೊಡಾಕ ಹೋಗ್ತಿದ್ದೆ. ನಿನ್ನಿ ನಿದ್ದಿ ಹತ್ತಿಲ್ಲ ನನಗ.”

“ಈಗ?”

“ಈಗೇನು? ಹ್ಞೂಂ.”

ಕಡೆಯ ಬಂಡಿಯಲ್ಲಿ ಚೀಲಗಳ ನಡುವೆ ಕಂಬಳಿ ಹೊದ್ದು ಕೂತಿದ್ದ ಮನುಷ್ಯನೊಬ್ಬ ಕಂಬಳಿ ಕೊಡವಿ ಎದ್ದ.

“ನಾ ತಾಯಣ್ಣ. ಈಕಿ ಅಪ್ಪ,” ಎಂದ. “ಮುಂಜಾನಿಂದ ಕುಂಡಿ ಮರಗಟ್ಯಾವ. ಒಂದs ಮಾತು ಹೇಳು ತಮ್ಮಾ. ಲಗ್ನ ಆದಮ್ಯಾಲ ಸೈಕಲ್ ಬಿಡಿಸ್ತಿಯೇನು?”

“ಇಲ್ರಿ ಯಪ್ಪಾ. ಬೇಕಾದ್ರ ಹಿಂದ ನಾ ಓಡ್ತೀನಿ.”

ಮೊದಲು ತಾಯಣ್ಣ ನಕ್ಕ, ಆಮೇಲೆ ಬಂಡಿಗಳು ನಕ್ಕವು, ಅಗಸಿ ನಕ್ಕಿತು. ಇಡೀ ಊರಿನ ಕೈಯಲ್ಲಿ ಹಿಗ್ಗಾಮುಗ್ಗಾ ಮೋಸ ಹೋದ ಉರುಕುಂದಪ್ಪ ಬಂಡಿಗಳ ಕಡೆ ಒಮ್ಮೆ, ಕಂಬಳಿಯ ಕಡೆ ಒಮ್ಮೆ ನೋಡಿದ. ಆಮೇಲೆ ಅವನ ಹೊಟ್ಟೆಯ ತಳದಿಂದ ನಗು ಮೇಲಕ್ಕೆದ್ದಿತು. ಸೈಕಲ್ ಕೈಬಿಟ್ಟ. ಅದು ಧಡ್ ಎಂದು ಬಿದ್ದದ್ದನ್ನೂ ನೋಡದೆ, ಎರಡು ಕೈಯಲ್ಲಿ ಪಕ್ಕೆ ಹಿಡಿದುಕೊಂಡು ಅಗಸಿಯ ಕಟ್ಟೆಯ ಮೇಲೆ ಕುಸಿದು ಕೂತ. ಬಂಡಿಗಳು ಮಟಮಾರಿಯ ಹಾದಿ ಹಿಡಿದವು, ಊರಿನವರ ನಗು ಮುಗಿಯಿತು. ಮೂಕಮ್ಮ ಬಂದು ಪಕ್ಕದಲ್ಲಿ ಕೂತಳು. ಅವನು ಇನ್ನೂ ನಗುತ್ತಲೇ ಇದ್ದ, ಎಲ್ಲರಿಗಿಂತ ಜೋರಾಗಿ.