ಅವಳ ಸಾಲಿನ ಮೇಲೊಂದು ಸಾಲು

"ತಪ್ಪು ನನ್ನದೇ ಇರ್ಬೇಕು ಸರ್," ಎಂದಳು ಗಡಿಯಾರ.

ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯುವ ಆ ಪುಟ್ಟ ಆಫೀಸಿನಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಇಷ್ಟು ಹೊತ್ತಿಗೆ ಬನ್ನಿ ಎಂದು ರೋಗಿಗಳಿಗೆ ಮೆಸೇಜ್ ಕಳಿಸುವ ಪ್ರೋಗ್ರಾಮ್, ಅವರ ಮಾತಿನಲ್ಲಿ ಸರ್ವಿಸ್, ಅವಳದು. ನಿನ್ನೆ ಒಂದು ಮೆಸೇಜೂ ಹೋಗಿರಲಿಲ್ಲ. ಡಯಾಲಿಸಿಸ್ ಸಮಯ ಬದಲಾದದ್ದು ಗೊತ್ತಿಲ್ಲದೆ ಅಜ್ಜಿಯೊಬ್ಬರು ಸಂಜೆ ಬಂದು, ಮುಚ್ಚಿದ ಬಾಗಿಲು ನೋಡಿ ಮನೆಗೆ ಹೋಗಿ, ಬೆಳಗಿನವರೆಗೂ ಉಸಿರಿಗೆ ಒದ್ದಾಡಿದ್ದರು. ಈಗ ಚೇತರಿಸಿಕೊಂಡಿದ್ದರೂ, ಈ ಕೆಲಸವನ್ನು ಬೇರೆಯವರಿಗೆ ಕೊಡುತ್ತೇನೆಂದು ಮ್ಯಾನೇಜರ್ ಅವಳಿಗೆ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದರು.

ಮ್ಯಾನೇಜರ್ ಕೋಣೆಯ ಹೊರಗೆ ಕೂತು ಇದನ್ನು ಕೇಳುತ್ತಿದ್ದ, ಎಲ್ಲರೂ ಮೌನಿ ಎನ್ನುತ್ತಿದ್ದ ಸಹೋದ್ಯೋಗಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಸಲಿ ಕಾರಣ ಅವನಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು.

ತೆರೆಮರೆಯಲ್ಲಿ ಓಡುವ ಸರ್ವಿಸ್‌ಗಳನ್ನೆಲ್ಲ ಅವರು ಒಂದೇ ಪ್ರೊಸೆಸ್‌ನೊಳಗೆ ಇಟ್ಟಿದ್ದರು, ಒಂದೇ ಸೂರಿನಡಿ ಕೂಡು ಕುಟುಂಬ ಇದ್ದ ಹಾಗೆ. ದಿನಾ ಬೆಳಿಗ್ಗೆ ಶುರುವಾಗುವಾಗ ಅವು ಕೋಡಿನಲ್ಲಿರುವ ಪಟ್ಟಿಯ ಸಾಲಿನಂತೆ ಒಂದೊಂದಾಗಿ ಏಳಬೇಕು. ಮೇಲಿನದು ಎದ್ದಾಯಿತು ಎಂದರೆ ಮಾತ್ರ ಕೆಳಗಿನದರ ಸರದಿ. ಲ್ಯಾಬ್ ರಿಪೋರ್ಟ್ ತರುವ ಮೌನಿಯ ಸರ್ವಿಸ್ ಕಟ್ಟಕಡೆಗಿತ್ತು. ಅಲ್ಲೇ ಬಿದ್ದಿದ್ದರೆ ಯಾರಿಗೂ ಕೇಡಿರಲಿಲ್ಲ. ಈ ಮಹರಾಯ ಅದನ್ನು ಎತ್ತಿ ಅವಳ ಸಾಲಿನ ಮೇಲೆ ಕೂರಿಸಿದ್ದ.

ಯಾಕಂತೆ? ಶುರುವಾಗುವಾಗ ಸರ್ವಿಸ್ ಜೊತೆಗೆ ಬರೆದವರ ಹೆಸರೂ ಪರದೆಯ ಮೇಲೆ ಬರುತ್ತಿತ್ತು. ಅವಳ ಹೆಸರಿಗೆ ಅಂಟಿಕೊಂಡು ತನ್ನ ಹೆಸರು ಬರಲಿ ಎಂಬ ಆಸೆ. ದಿನಾ ಬೆಳಿಗ್ಗೆ ಕಾಫಿ ಹಿಡಿದು ಆ ಎರಡು ಸಾಲು ನೋಡಿ ಒಳಗೊಳಗೇ ನಗುತ್ತಿದ್ದ. ಅವನ ಸರ್ವಿಸ್ಸೋ, ಲ್ಯಾಬಿನ ಕಂಪ್ಯೂಟರ್ ಉತ್ತರಿಸುವವರೆಗೂ ಏಳದ ಸೋಮಾರಿ. ನಿನ್ನೆ ಆ ಕಂಪ್ಯೂಟರ್ ಕೆಟ್ಟಿತ್ತು. ಇದು ದಾರಿ ಕಾಯುತ್ತಾ ಕೂತಿತು, ಅವಳದಕ್ಕೆ ಸರದಿಯೇ ಬರಲಿಲ್ಲ.

ನೀರು ಕುಡಿಯಲು ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಲೋಟದ ಅಂಚಿನ ಮೇಲಿಂದ ಅವನನ್ನು ನೋಡಿದಳು. ಎಂದಿನ ತುಂಟ ನೋಟ ಅದಲ್ಲ.

"ಬೆಳಿಗ್ಗೆಯಿಂದ ನೀವೊಬ್ರೇ ನನ್ನ ಜೊತೆ ಕೂತು ಹುಡುಕಿದ್ದು. ಥ್ಯಾಂಕ್ಸ್."

ಆ ಥ್ಯಾಂಕ್ಸ್ ಎದೆಗೆ ಕೆಂಡ ಇಟ್ಟಂತಾಯಿತು. ಇನ್ನು ಬಾಯಿಗೆ ಬೀಗ ಹಾಕಿಕೊಂಡರೆ ತಾನು ಮನುಷ್ಯನೇ ಅಲ್ಲ ಎಂದುಕೊಂಡು ನೇರ ಮ್ಯಾನೇಜರ್ ಕೋಣೆಗೆ ನಡೆದ. ಅವಳೂ ಹಿಂದೆಯೇ ಬಂದಳು. ಅವನು ಎಲ್ಲವನ್ನೂ ಹೇಳಿ, ಶಿಕ್ಷೆ ತನಗೇ ಇರಲಿ ಎಂದ. ಸುಮ್ಮನೆ ಇದ್ದದ್ದನ್ನು ಯಾಕೆ ಕದಲಿಸಿದೆ ಎಂದು ಮ್ಯಾನೇಜರ್ ಗದರಿದರು.

ಅವನು ಅವಳ ಕಡೆ ಕೈ ತೋರಿದ. "ಇವ್ರ ಹೆಸ್ರಿನ ಪಕ್ಕ ನನ್ನ ಹೆಸ್ರು ನೋಡೋ ಆಸೆ ಸರ್. ಇವ್ರಂದ್ರೆ ನಂಗೆ ಅಷ್ಟು ಇಷ್ಟ."

ಕೊನೆಗೆ ಮ್ಯಾನೇಜರ್, ಅವಳ ಕೆಲಸ ಅವಳಲ್ಲೇ ಇರಲಿ, ಮೌನಿ ಮಾತ್ರ ಇನ್ನು ಈ ಕೋಡ್ ಮುಟ್ಟಕೂಡದು ಎಂದರು.

ಅವಳು ಹೊರಗೆ ಬಂದು, ಅಜ್ಜಿಯ ಮನೆಗೆ ಫೋನ್ ಹಚ್ಚಿ ಅವನ ಕೈಗೆ ಕೊಟ್ಟಳು. ಅವನು ತಡವರಿಸುತ್ತಾ ತಪ್ಪೊಪ್ಪಿಕೊಂಡ. ಅಜ್ಜಿ ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವರು ಪೂರ್ತಿ ಕೇಳಿಸಿಕೊಂಡು, "ಊಟ ಆಯ್ತೇನಪ್ಪಾ?" ಎಂದರು. ಅವನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಅವಳನ್ನು ಪ್ರೀತಿಸುವ ಯೋಗ್ಯತೆಯೂ ತನಗಿಲ್ಲ ಎಂದುಕೊಂಡು ಫೋನ್ ಮರಳಿಸಿ ಹೊರಟವನನ್ನು ಅವಳು ತಡೆದಳು. ಮುಖದಲ್ಲಿ ಸಿಟ್ಟು ಇನ್ನೂ ಆರಿರಲಿಲ್ಲ. ಊಟದ ಮೇಜಿಗೆ ಹೋಗಿ ಕೂತು, ತನ್ನ ಪಕ್ಕದ ಕುರ್ಚಿಯನ್ನು ಕಾಲಿನಿಂದ ಹೊರಗೆ ತಳ್ಳಿದಳು.

"ಕೂತ್ಕೋ. ನಂಗಿನ್ನೂ ಕೋಪ ಇದೆ, ಬೇಗ ಹೋಗೋದೂ ಇಲ್ಲ," ಎಂದಳು. ಆಮೇಲೆ ದನಿ ತಗ್ಗಿತು. "ಪಕ್ಕದಲ್ಲಿ ಇರ್ಬೇಕು ಅಂತ ಬಾಯಿಬಿಟ್ಟು ಕೇಳಿದ್ರೆ, ನಾನೇನು ಬೇಡ ಅಂತಿದ್ನಾ?"